ನಿಮ್ಮ ಆ್ಯಪ್ ಯಾರ ಕಡೆಯದು ಅಂತ ಹೇಳುತ್ತಿದೆಯಾ?

ಪ್ರಶ್ನೆ: ನಮಸ್ಕಾರ ಸಾರ್. ನಾನು ಮಂಡ್ಯ ತಾಲ್ಲೂಕಿನವನು. ಡಿಪ್ಲೊಮಾ ಮುಗಿಸಿ ಊರಲ್ಲೇ ಇದ್ದುಕೊಂಡು ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಕಬ್ಬು ಬೆಳೆಯುವವರಿಗೆ, ಆಲೆಮನೆ ನಡೆಸುವವರಿಗೆ ಅಂತ ಒಂದು ಸಣ್ಣ ವೆಬ್ ಆ್ಯಪ್ ಮಾಡಿದ್ದೇನೆ. ಊರಿನ ಹೆಸರು ಹಾಕಿದರೆ ಅಲ್ಲಿಯ ಹವಾಮಾನ, ಆ ಊರಿನ ಮ್ಯಾಪ್, ವಿಕಿಪೀಡಿಯಾದಿಂದ ಊರಿನ ಬಗ್ಗೆ ನಾಲ್ಕು ಸಾಲು ಬರುತ್ತದೆ. ಬರೆದಿದ್ದು ಪೈಥಾನ್‌ನಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಸರ್ವರ್‌ಗೆ ಹಾಕಿದ ಮೇಲೆ ಒಂದು ಸೇವೆಯಿಂದ 403, ಅಂದರೆ ‘ಒಳಗೆ ಬಿಡುವುದಿಲ್ಲ’ ಅಂತ ಬರಲು ಶುರುವಾಯಿತು. ಯೂಸರ್ ಏಜೆಂಟ್ ಬದಲಾಯಿಸು ಅಂತ ಸ್ನೇಹಿತ ಹೇಳಿದ. ಕ್ರೋಮ್‌ನ ಸಾಲನ್ನು ಕಾಪಿ ಮಾಡಿ ಹಾಕಿದೆ, ನಾಲ್ಕು ದಿನ ನಡೆದು ಮತ್ತೆ ನಿಂತಿತು. ಆಮೇಲೆ ನನ್ನ ಆ್ಯಪ್‌ನ ಹೆಸರನ್ನೇ ಕನ್ನಡದಲ್ಲಿ ಹಾಕಿದೆ, ‘ಲ್ಯಾಟಿನ್-1’ ಅಂತ ಏನೋ ಎರರ್ ಬಂದು ಆ್ಯಪ್ಪೇ ಬಿತ್ತು. ಸರಿಯಾದ ದಾರಿ ಯಾವುದು?

ಉತ್ತರ: ನೀವು ಕೊನೆಗೆ ಮಾಡಿದ್ದೇ ಸರಿಯಾದ ದಾರಿ. ಎಡವಿದ್ದು ಲಿಪಿಯಲ್ಲಿ ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಈ ಸಾಲು ಯಾಕಿದೆ ಅನ್ನೋದು ತಿಳಿದರೆ ಉಳಿದದ್ದು ಸಲೀಸು.

ನಿಮ್ಮ ಊರಿಗೆ ಹೊಸಬರು ಯಾರಾದರೂ ಬಂದರೆ ಜಗಲಿ ಮೇಲೆ ಕೂತವರು ಏನು ಕೇಳುತ್ತಾರೆ? ‘ಯಾವೂರಪ್ಪ, ಯಾರ ಮನೆಗೆ ಬಂದೆ?’ ಅಂತ ತಾನೇ. ಅನುಮಾನಪಟ್ಟು ಕೇಳುವುದಲ್ಲ ಅದು, ಗುರುತು ಸಿಕ್ಕರೆ ದಾರಿ ತೋರಿಸೋಣ ಅಂತ ಕೇಳುವುದು. ನಿಮ್ಮ ಆ್ಯಪ್ ಬೇರೆಯವರ ಸರ್ವರ್‌ನಿಂದ ಏನನ್ನಾದರೂ ಕೇಳಿದಾಗಲೂ ಅಷ್ಟೇ. ಕೇಳಿಕೆಯ ಜೊತೆ ಕೆಲವು ಹೆಡರ್‌ಗಳು, ಅಂದರೆ ವಿವರದ ಸಾಲುಗಳು, ಹೋಗುತ್ತವೆ, ಅದರಲ್ಲಿ ಯೂಸರ್-ಏಜೆಂಟ್ ಅನ್ನುವುದು ಈ ‘ಯಾವೂರಪ್ಪ’ ಪ್ರಶ್ನೆಗೆ ಉತ್ತರ. ವೆಬ್‌ನಲ್ಲಿ ಕೇಳಿಕೆ, ಉತ್ತರ ಹೇಗಿರಬೇಕು ಅನ್ನುವ ನಿಯಮವೇ ಎಚ್‌ಟಿಟಿಪಿ; 1996ರಲ್ಲಿ ಬಂದ ಅದರ 1.0ರ ದಾಖಲೆಯಲ್ಲೇ ಇದು ಇದೆ. ಅದರ 2022ರ ದಾಖಲೆ ಆರ್‌ಎಫ್‌ಸಿ 9110ರಲ್ಲೂ ಇದೆ.

ನೀವು ಏನೂ ಹಾಕದೆ ಬಿಟ್ಟರೆ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ (ಬೇರೆ ಸರ್ವರ್‌ನಿಂದ ಕೇಳಲು ಬಳಸುವ ಸಿದ್ಧ ಕೋಡ್) ತನ್ನ ಹೆಸರನ್ನೇ ಕಳಿಸುತ್ತದೆ: ‘ಪೈಥಾನ್-ರಿಕ್ವೆಸ್ಟ್ಸ್’, ಓರೆಗೆರೆ, ವರ್ಶನ್ ನಂಬರ್. ಅಷ್ಟೇ. ಈಗ ಆ ಕಡೆ ಸರ್ವರ್ ನೋಡಿಕೊಳ್ಳುವವರ ಜಾಗದಲ್ಲಿ ಕೂತು ನೋಡಿ. ಅವರ ಮುಂದೆ ಲಾಗ್ ಫೈಲ್ ಇರುತ್ತದೆ. ಒಂದೊಂದು ಕೇಳಿಕೆಗೂ ಒಂದೊಂದು ಸಾಲು. ಶುರುವಿಗೆ ಐಪಿ ವಿಳಾಸ, ಚೌಕ ಕಂಸದಲ್ಲಿ ದಿನ ಮತ್ತು ಹೊತ್ತು, ಆಮೇಲೆ ಯಾವ ಪುಟ ಕೇಳಿದರು, 200 (ಸರಿ, ತಗೋ) ಕೊಟ್ಟೆವಾ 403 ಕೊಟ್ಟೆವಾ, ಎಷ್ಟು ಬೈಟ್ ಹೋಯಿತು, ಮತ್ತೆ ಸಾಲಿನ ತುದಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಈ ಯೂಸರ್ ಏಜೆಂಟ್. ಯಾವುದೋ ದಿನ ಸರ್ವರ್ ನಿಧಾನವಾದರೆ ಅವರು ಮಾಡುವ ಮೊದಲ ಕೆಲಸ ಏನು ಗೊತ್ತಾ, ಈ ಕೊನೆಯ ಕಾಲಂ ಅನ್ನು ಎಣಿಸಿ ಜಾಸ್ತಿ ಇರುವುದನ್ನು ಮೇಲೆ ತಂದು ನೋಡುವುದು. ಮೇಲ್ಗಡೆ ಬರೀ ‘ಪೈಥಾನ್-ರಿಕ್ವೆಸ್ಟ್ಸ್’ ಅಂತ ಸಾವಿರಗಟ್ಟಲೆ ಸಾಲು ನಿಂತಿರುತ್ತದೆ. ಅದರಲ್ಲಿ ನಿಮ್ಮ ಆಲೆಮನೆ ಆ್ಯಪ್ ಯಾವುದು, ಡೇಟಾ ಕದಿಯಲು ಬಂದವರು ಯಾವುದು, ಕಾಲೇಜು ಹುಡುಗರ ಪ್ರಾಜೆಕ್ಟ್ ಯಾವುದು? ಬೇರೆ ಮಾಡಲು ಅವರಿಗೆ ದಾರಿಯೇ ಇಲ್ಲ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಹೊರಗೆ ಹಾಕುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ದಿನಕ್ಕೆ ಹತ್ತು ಸಲ ಕೇಳುವಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸರ್ವರ್‌ನಿಂದ ಹಗಲೂ ರಾತ್ರಿ ಕೇಳಲು ಶುರು ಮಾಡಿದಿರಿ, ಬಿದ್ದಿತು.

ಕ್ರೋಮ್‌ನ ಸಾಲು ಹಾಕುವುದನ್ನು ಇವತ್ತೇ ಬಿಡಿ ಅಂತ ನೇರವಾಗಿ ಹೇಳುತ್ತೇನೆ. ಸ್ನೇಹಿತರು ಒಳ್ಳೆಯ ಮನಸ್ಸಿಂದಲೇ ಹೇಳಿರುತ್ತಾರೆ, ಆದರೆ ಅದು ನಿಲ್ಲುವ ಮಾತಲ್ಲ. ನಿಜವಾದ ಕ್ರೋಮ್ ಬರುವಾಗ ಯೂಸರ್ ಏಜೆಂಟ್ ಒಂದೇ ತರುವುದಿಲ್ಲ. ಯಾವ ಭಾಷೆ ಬೇಕು ಅನ್ನುವ ಹೆಡರ್, ‘ಸೆಕ್-ಫೆಚ್’ ಅಂತ ಶುರುವಾಗುವ ಮೂರು ನಾಲ್ಕು ಹೆಡರ್, ಇನ್ನೂ ಏನೇನೋ ತರುತ್ತದೆ. ಗುಪ್ತ ಸಂಪರ್ಕ ಜೋಡಿಸುವ ಟಿಎಲ್‌ಎಸ್ ಹಂತದಲ್ಲೇ ಅದರ ನಡೆ ಬೇರೆ, ಪೈಥಾನ್‌ನ ನಡೆ ಬೇರೆ. ಮುಖಕ್ಕೆ ಮಾತ್ರ ಬಣ್ಣ ಬಳಿದುಕೊಂಡು ಹೋದ ಹಾಗೆ, ಕೈ ನೋಡಿದರೆ ಗೊತ್ತಾಗುತ್ತದೆ. ಮೊದಲು ನೀವು ಬರೀ ಹೆಸರಿಲ್ಲದವರು, ಈಗ ಸುಳ್ಳು ಹೆಸರಿನವರು ಆದಿರಿ. ಹೆಸರಿಲ್ಲದವರನ್ನು ಕರೆದು ಕೇಳಬಹುದು, ಸುಳ್ಳು ಹೇಳಿದವರನ್ನು ಯಾರೂ ಕರೆಯುವುದಿಲ್ಲ.

ಬ್ರೌಸರ್‌ಗಳೂ ಒಂದರ ಹೆಸರು ಇನ್ನೊಂದು ಹೇಳಿಕೊಂಡೇ ಬಂದವಲ್ವಾ ಅಂತ ನೀವು ಕೇಳಬಹುದು. ನಿಜ. 90ರ ದಶಕದಲ್ಲಿ ನೆಟ್‌ಸ್ಕೇಪ್ ತನ್ನನ್ನು ‘ಮೊಜಿಲ್ಲಾ’ ಅಂತ ಹೇಳಿಕೊಳ್ಳುತ್ತಿತ್ತು. ಸೈಟುಗಳು ಮೊಜಿಲ್ಲಾ ಅಂದವರಿಗೆ ಮಾತ್ರ ಒಳ್ಳೆಯ ಪುಟ ಕೊಡುತ್ತಿದ್ದವು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಂದಾಗ ಅದೂ ತಾನು ಮೊಜಿಲ್ಲಾ ಅಂದಿತು. ಆಮೇಲೆ ಬಂದ ಸಫಾರಿ, ಅದರ ಹಿಂದೆ ಬಂದ ಕ್ರೋಮ್ ಎಲ್ಲವೂ ಹಿಂದಿನವರ ಹೆಸರನ್ನು ಸೇರಿಸಿಕೊಂಡೇ ಬಂದವು, ಅದಕ್ಕೇ ಇವತ್ತಿಗೂ ಕ್ರೋಮ್‌ನ ಸಾಲು ‘ಮೊಜಿಲ್ಲಾ/5.0’ ಅಂತ ಶುರುವಾಗಿ ‘ಸಫಾರಿ’ ಅಂತ ಮುಗಿಯುತ್ತದೆ. ಆ ಗೊಂದಲದಿಂದ ಆ ಸಾಲಿಗೆ ಅರ್ಥವೇ ಕಮ್ಮಿಯಾಯಿತು. ನಮ್ಮ ಆ್ಯಪ್‌ಗಳಿಂದ ಅದನ್ನು ಇನ್ನಷ್ಟು ಕೆಡಿಸುವುದು ಬೇಡ.

ನೀವು ಯಾವ ಯಾವ ಸೇವೆ ಬಳಸುತ್ತೀರಿ ಅಂತ ಪೂರ್ತಿ ಬರೆದಿಲ್ಲ. ಆದರೆ ಇಂಥ ಆ್ಯಪ್‌ಗಳಿಗೆ ಜನ ಬಳಸುವ ಉಚಿತ ಸೇವೆಗಳು ಹೆಚ್ಚೂ ಕಮ್ಮಿ ಇವೇ, ಇವೆಲ್ಲದರ ನಿಯಮ ಒಂದೇ ಮಾತು ಹೇಳುತ್ತದೆ. ವಿಕಿಪೀಡಿಯಾ ನಡೆಸುವ ವಿಕಿಮೀಡಿಯಾದವರಿಗೆ ಆ್ಯಪ್‌ನ ಹೆಸರು, ಸಂಪರ್ಕದ ವಿಳಾಸ ಎರಡೂ ಯೂಸರ್ ಏಜೆಂಟ್‌ನಲ್ಲಿ ಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರು ಹುಡುಕುವ ನಾಮಿನಾಟಿಮ್ ಸೇವೆಯವರು, ಲೈಬ್ರರಿ ತಾನಾಗಿ ಹಾಕುವ ಹೆಸರು ನಡೆಯುವುದಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಅದರ ಜೊತೆ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಕೇಳಿಕೆ ಬೇಡ ಅಂತಲೂ ಇದೆ. ನಾರ್ವೆಯ ಹವಾಮಾನ ಸಂಸ್ಥೆ ಇಡೀ ಜಗತ್ತಿನ ಮುನ್ಸೂಚನೆಯನ್ನು ಉಚಿತವಾಗಿ ಕೊಡುತ್ತದೆ, ಮಂಡ್ಯಕ್ಕೂ ಕೊಡುತ್ತದೆ. ಅವರೂ ಗುರುತು ಹೇಳದವರಿಗೆ 403 ಕೊಡುತ್ತಾರೆ. ಕೋಡ್ ಇಡುವ ಸೈಟ್ ಗಿಟ್‌ಹಬ್‌ನ ಎಪಿಐ (ಪ್ರೋಗ್ರಾಂಗಳು ಮಾಹಿತಿ ಕೇಳುವ ಬಾಗಿಲು) ಕೂಡ ಯೂಸರ್ ಏಜೆಂಟ್ ಇಲ್ಲದ ಕೇಳಿಕೆಯನ್ನು ಒಳಗೆ ಬಿಡುವುದಿಲ್ಲ. ದುಡ್ಡು ಕೇಳದೆ ಕೊಡುವವರು ಇವರು. ಅವರು ಕೇಳುವುದು ಹೆಸರು ಮಾತ್ರ.

ಈಗ ಸಾಲನ್ನು ಹೇಗೆ ಬರೆಯುವುದು. ಮೊದಲು ಆ್ಯಪ್‌ನ ಹೆಸರು, ನಡುವೆ ಜಾಗ ಬಿಡದೆ. ಓರೆಗೆರೆ. ವರ್ಶನ್. ಒಂದು ಜಾಗ ಬಿಟ್ಟು ಕಂಸದೊಳಗೆ ಆ್ಯಪ್‌ನ ವೆಬ್ ವಿಳಾಸ, ಸೆಮಿಕೋಲನ್, ಇಮೇಲ್. ಬೇಕಿದ್ದರೆ ಕಂಸದ ಆಚೆ ಲೈಬ್ರರಿಯ ಹೆಸರು. ಹೀಗೆ:

ಆಲೆಮನೆ/1.4 (ಆ್ಯಪ್‌ನ ವೆಬ್ ವಿಳಾಸ; ಸಂಪರ್ಕದ ಇಮೇಲ್) ಪೈಥಾನ್-ರಿಕ್ವೆಸ್ಟ್ಸ್

ಪತ್ರಿಕೆಯಲ್ಲಿ ಓದಲು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಕೋಡ್‌ನಲ್ಲಿ ಮಾತ್ರ ಇಡೀ ಸಾಲು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಎಚ್‌ಟಿಟಿಪಿ ಹೆಡರ್‌ಗಳು ಹುಟ್ಟಿದ್ದು ಬರೀ ಇಂಗ್ಲಿಷ್ ಅಕ್ಷರಗಳಿದ್ದ ಆಸ್ಕಿ ಪಟ್ಟಿಯ ಕಾಲದಲ್ಲಿ. ಪೈಥಾನ್ ಆ ಸಾಲನ್ನು ಕಳಿಸುವ ಮೊದಲು ಲ್ಯಾಟಿನ್-1 ಅನ್ನುವ ಹಳೆಯ ಅಕ್ಷರ ಪಟ್ಟಿಗೆ ಬದಲಾಯಿಸಲು ನೋಡುತ್ತದೆ. ಅದರಲ್ಲಿ ಇರುವುದು 256 ಜಾಗ, ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾತ್ರ. ನಿಮ್ಮ ‘ಆ’ ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ, ಅದಕ್ಕೇ ಎರರ್. ನಮ್ಮ ಲಿಪಿ ಅಲ್ಲಿ ಹಿಡಿಸದೆ ಹೋಯಿತಲ್ಲ ಅಂತ ನನಗೂ ಬೇಸರ ಇದೆ. ಆದರೆ ಆಲೆಮನೆ ಅನ್ನುವ ಪದವನ್ನೇ ಬಿಡಬೇಡಿ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ನಾರ್ವೆಯಲ್ಲಿ ಕೂತು ಲಾಗ್ ನೋಡುವವರಿಗೆ ಅರ್ಥ ಗೊತ್ತಾಗದಿದ್ದರೂ ಬೇರೆ ಯಾರಿಗೂ ಇಲ್ಲದ ಹೆಸರು ಅನ್ನೋದು ಗೊತ್ತಾಗುತ್ತದೆ.

ಎಲ್ಲಿ ಹಾಕಬೇಕು? ಒಂದೇ ಕಡೆ. ಇಲ್ಲೇ ಜಾಸ್ತಿ ಜನ ತಪ್ಪುವುದು. ರಿಕ್ವೆಸ್ಟ್ಸ್‌ನಲ್ಲಿ ಒಂದು ಸೆಷನ್ (ಕೊಟ್ಟ ಹೆಡರ್‌ಗಳನ್ನು ಪ್ರತಿ ಕೇಳಿಕೆಗೂ ತಾನೇ ಸೇರಿಸುವಂಥದ್ದು) ಮಾಡಿಕೊಂಡು ಅದರ ಹೆಡರ್ಸ್‌ನಲ್ಲಿ ಯೂಸರ್-ಏಜೆಂಟ್‌ಗೆ ನಿಮ್ಮ ಸಾಲು ಕೊಡಿ, ಆಮೇಲೆ ಆ್ಯಪ್‌ನ ಎಲ್ಲ ಕಡೆಯಿಂದ ಅದೇ ಸೆಷನ್ ಮೂಲಕ ಕೇಳಿ. ಯಾವುದೋ ಮೂಲೆಯ ಫೈಲಿನಲ್ಲಿ ಸೆಷನ್ ಬಿಟ್ಟು ನೇರವಾಗಿ ರಿಕ್ವೆಸ್ಟ್ಸ್ ಗೆಟ್ ಅಂತ ಬರೆದಿದ್ದರೆ ಅದು ಪ್ರತಿ ಸಲ ಹೊಸ ಸೆಷನ್ ಮಾಡುತ್ತದೆ, ಹಳೆಯ ಹೆಸರೇ ಹೋಗುತ್ತದೆ. ‘ಬದಲಾಯಿಸಿದೆ ಸಾರ್, ಆದರೂ 403’ ಅಂತ ಬರುವ ಪತ್ರಗಳಲ್ಲಿ ಕೊನೆಗೆ ಸಿಗುವುದು ಇದೇ. ಇಲ್ಲದಿದ್ದರೆ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಬೆಳಗಿನ ಜಾವ ಓಡುವ ಬೇರೆ ಸ್ಕ್ರಿಪ್ಟು. ಅದರಲ್ಲಿ ವೆಬ್‌ನಿಂದ ತರುವ ಕರ್ಲ್ ಕಮಾಂಡ್ ಇದ್ದರೆ ಮೈನಸ್ ದೊಡ್ಡ ಎ ಹಾಕಿ ಅದೇ ಸಾಲು ಕೊಡಬೇಕು. ಹೆಸರು, ವರ್ಶನ್, ಇಮೇಲ್ ಮೂರನ್ನೂ ಸೆಟ್ಟಿಂಗ್ಸ್ ಫೈಲಿನಲ್ಲಿ ಇಟ್ಟು ಎಲ್ಲರೂ ಅಲ್ಲಿಂದಲೇ ಓದುವ ಹಾಗೆ ಮಾಡಿ. ಆಗ ವರ್ಶನ್ ಬದಲಾದ ದಿನ ಒಂದು ಕಡೆ ತಿದ್ದಿದರೆ ಸಾಕು.

ಬೇರೆ ಭಾಷೆಯಲ್ಲಿ ಕೆಲಸ ಮಾಡುವವರೂ ಈ ಅಂಕಣ ಓದುತ್ತೀರಿ, ನಿಮಗೆ ಚಿಕ್ಕದಾಗಿ: ಪಿಎಚ್‌ಪಿಯಲ್ಲಿ ಫೈಲ್ ಗೆಟ್ ಕಂಟೆಂಟ್ಸ್‌ನಿಂದ ಹೊರಗಿನ ವಿಳಾಸ ಕೇಳಿದರೆ ಸಾಮಾನ್ಯವಾಗಿ ಯೂಸರ್ ಏಜೆಂಟ್ ಹೋಗುವುದೇ ಇಲ್ಲ, ಪಿಎಚ್‌ಪಿ ಐಎನ್‌ಐ ಫೈಲಿನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ, ಅಲ್ಲಿ ಕೊಡಿ. ಡಾಟ್‌ನೆಟ್‌ನ ಎಚ್‌ಟಿಟಿಪಿ ಕ್ಲೈಂಟ್ ಕೂಡ ಹಾಗೇ, ಕೊಡದಿದ್ದರೆ ಏನೂ ಕಳಿಸುವುದಿಲ್ಲ. ನೋಡ್‌ನಲ್ಲಿ ಆಕ್ಸಿಯಾಸ್ ಬಳಸುವವರು ಕ್ರಿಯೇಟ್ ಅಂತ ಒಂದು ಇನ್‌ಸ್ಟನ್ಸ್ ಮಾಡಿ ಅದಕ್ಕೆ ಹೆಡರ್ ಕೊಟ್ಟುಬಿಡಿ. ವರ್ಡ್‌ಪ್ರೆಸ್ ತನ್ನ ವರ್ಶನ್ ಜೊತೆ ನಿಮ್ಮ ಸೈಟಿನ ವಿಳಾಸವನ್ನೂ ತಾನೇ ಸೇರಿಸಿ ಕಳಿಸುತ್ತದೆ, ಬೇಡ ಅನ್ನುವವರು ಫಿಲ್ಟರ್ ಹಾಕಿ ಬದಲಾಯಿಸಬಹುದು.

ಹಾಕಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಎಚ್‌ಟಿಟಿಪಿಬಿನ್ ಅಂತ ಒಂದು ಸೈಟ್ ಇದೆ, ಅದರ ಯೂಸರ್-ಏಜೆಂಟ್ ಪುಟವನ್ನು ನಿಮ್ಮ ಆ್ಯಪ್‌ನ ಅದೇ ಸೆಷನ್‌ನಿಂದ ಕೇಳಿದರೆ ನೀವು ಏನಂತ ಹೇಳಿಕೊಂಡಿರೋ ಅದನ್ನೇ ವಾಪಸ್ ಕೊಡುತ್ತದೆ. ಲ್ಯಾಪ್‌ಟಾಪ್‌ನಿಂದ ಅಲ್ಲ, ಸರ್ವರ್‌ನಿಂದ ಕೇಳಿ ನೋಡಿ.

ಕಂಸದೊಳಗೆ ಏನು ಹಾಕಬಾರದು ಅಂತಲೂ ಹೇಳಬೇಕು. ಎಪಿಐ ಕೀ ಬೇಡ, ಆ್ಯಪ್ ಬಳಸುವ ರೈತರ ಹೆಸರು ಅಥವಾ ಫೋನ್ ನಂಬರ್ ಬೇಡವೇ ಬೇಡ. ಈ ಸಾಲು ಯಾರ ಯಾರ ಲಾಗ್‌ನಲ್ಲೋ ವರ್ಷಗಟ್ಟಲೆ ಉಳಿಯುತ್ತದೆ. ನಿಮ್ಮ ಸ್ವಂತ ಇಮೇಲ್ ಬದಲು ಆ್ಯಪ್‌ಗೇ ಒಂದು ಬೇರೆ ಇಮೇಲ್ ಮಾಡಿ. ಮಾಡಿದ ಮೇಲೆ ಅದನ್ನು ತೆರೆದು ನೋಡುತ್ತಿರಿ.

ಇನ್ನೊಂದು. ಹೆಸರು ಹೇಳಿದ ಮಾತ್ರಕ್ಕೆ ಎಷ್ಟು ಬೇಕಾದರೂ ಕೇಳಬಹುದು ಅಂತಲ್ಲ. 429 ಅಂತ ಬಂದರೆ ಜಾಸ್ತಿ ಆಯಿತು ಅಂತ ಅರ್ಥ, ಅದರ ಜೊತೆ ರೀಟ್ರೈ-ಆಫ್ಟರ್ ಅನ್ನುವ ಹೆಡರ್ ಬಂದಿದ್ದರೆ ಅದರಲ್ಲಿ ಹೇಳಿದಷ್ಟು ಹೊತ್ತು ಸುಮ್ನೆ ಇರಿ. ಊರಿನ ಜಾಗವನ್ನು ಪ್ರತಿ ಸಲ ಕೇಳುವುದು ಯಾಕೆ? ಕೆರಗೋಡು, ಬಸರಾಳು ಎಲ್ಲಿವೆಯೋ ನಾಳೆಯೂ ಅಲ್ಲೇ ಇರುತ್ತವೆ. ಒಂದು ಸಲ ಕೇಳಿ ನಿಮ್ಮ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಿ. ಹವಾಮಾನ ಕೇಳುವಾಗ ಅಕ್ಷಾಂಶ ರೇಖಾಂಶವನ್ನು ದಶಮಾಂಶದ ನಂತರ ನಾಲ್ಕು ಅಂಕಿಗೆ ನಿಲ್ಲಿಸಿ, ನಾರ್ವೆಯವರು ಇದನ್ನೂ ನಿಯಮದಲ್ಲಿ ಬರೆದಿದ್ದಾರೆ. ಮಂಡ್ಯಕ್ಕೆ 12.52, 76.90 ಅಂತ ಎರಡೇ ಅಂಕಿ ಕೊಟ್ಟರೂ ಮಳೆ ಬರುತ್ತದೋ ಇಲ್ಲವೋ ಅಂತ ತಿಳಿಯಲು ಧಾರಾಳವಾಯಿತು.

ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಅನುಭವ ಕಾರಣ. ಕೆಲವು ವರ್ಷದ ಹಿಂದೆ ಮೈಸೂರಿನ ಸರಸ್ವತಿಪುರಂನಲ್ಲಿ ಕೂತು, ಪುಸ್ತಕದ ಅಂಗಡಿ ನಡೆಸುವ ಸ್ನೇಹಿತರಿಗಾಗಿ ಒಂದು ಗ್ರಂಥಾಲಯದ ಪಟ್ಟಿಯಿಂದ ಪುಸ್ತಕದ ವಿವರ ತರುವ ಸ್ಕ್ರಿಪ್ಟ್ ಬರೆದಿದ್ದೆ. ಎರರ್ ಬಂದರೆ ಮತ್ತೆ ಕೇಳು ಅಂತ ಬರೆದವನು, ನಡುವೆ ಕಾಯಬೇಕು ಅಂತ ಬರೆಯುವುದು ಮರೆತೆ. ರಾತ್ರಿ ಬಿಟ್ಟು ಮಲಗಿದೆ. ಒಂದು ಪುಸ್ತಕದ ಪುಟ ಸಿಗಲಿಲ್ಲ, ಸ್ಕ್ರಿಪ್ಟು ಅದೊಂದನ್ನೇ ಬೆಳಗಿನವರೆಗೆ ಕೇಳುತ್ತಲೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಇಮೇಲ್‌ನಲ್ಲಿ ನಾಲ್ಕು ಸಾಲು. ನಿಮ್ಮ ಸ್ಕ್ರಿಪ್ಟಿನ 0.3 ವರ್ಶನ್ ಎರಡು ಗಂಟೆಯಿಂದ ಒಂದೇ ಪುಟ ಕೇಳುತ್ತಿದೆ, ದಯವಿಟ್ಟು ನಿಲ್ಲಿಸಿ, ಅಂತ. ಹೆಸರು, ವರ್ಶನ್, ಇಮೇಲ್ ಮೂರೂ ಅವರಿಗೆ ಸಿಕ್ಕಿದ್ದು ಯೂಸರ್ ಏಜೆಂಟ್‌ನಿಂದ. ತಕ್ಷಣ ನಿಲ್ಲಿಸಿ ಕ್ಷಮೆ ಕೇಳಿ ಬರೆದೆ, ಸಂಜೆಗೆ ಸರಿ ಮಾಡಿ ಮತ್ತೆ ಶುರು ಮಾಡಬಹುದಾ ಅಂತ ಕೇಳಿದೆ. ಮಾಡಿ ಅಂದರು. ಆವತ್ತು ಕ್ರೋಮ್ ಅಂತ ಹೇಳಿಕೊಂಡು ಹೋಗಿದ್ದರೆ ಅವರು ನಮ್ಮ ಐಪಿಯನ್ನೇ ಮುಚ್ಚುತ್ತಿದ್ದರು, ಅದೇ ಕನೆಕ್ಷನ್ ಬಳಸುತ್ತಿದ್ದ ಕಟ್ಟಡದ ಉಳಿದ ಆಫೀಸುಗಳಿಗೂ ಆ ಗ್ರಂಥಾಲಯದ ಪುಟ ತೆರೆಯುತ್ತಿರಲಿಲ್ಲ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ನನ್ನ ಪುಟದಲ್ಲಿ ಸರ್ವರ್ ಇಲ್ಲ, ಎಲ್ಲ ಜಾವಾಸ್ಕ್ರಿಪ್ಟ್. ಬೇರೆ ಸರ್ವರ್‌ನಿಂದ ಕೇಳುವ ಫೆಚ್ ಬರೆಯುವಾಗ ಯೂಸರ್ ಏಜೆಂಟ್ ಕೊಟ್ಟರೂ ಕ್ರೋಮ್‌ನಿಂದ ಕ್ರೋಮ್‌ನದ್ದೇ ಹೋಗುತ್ತಿದೆ. ನನ್ನ ಕೋಡ್ ತಪ್ಪಾ ಮೇಡಂ/ಸಾರ್?

ಉತ್ತರ: ಕೋಡ್ ತಪ್ಪಿಲ್ಲ. ಹಿಂದೆ ಬ್ರೌಸರ್‌ನೊಳಗಿನ ಸ್ಕ್ರಿಪ್ಟಿಗೆ ಈ ಹೆಡರ್ ಮುಟ್ಟುವ ಹಕ್ಕೇ ಇರಲಿಲ್ಲ. ಆಮೇಲೆ ನಿಯಮದಲ್ಲಿ ಆ ನಿಷೇಧ ತೆಗೆದರು, ಆದರೆ ಕ್ರೋಮ್ ನೀವು ಕೊಟ್ಟಿದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ವಿಕಿಪೀಡಿಯಾ ಎಪಿಐ ಬಳಸುತ್ತಿದ್ದರೆ ಅವರು ಇದಕ್ಕೆಂದೇ ‘ಎಪಿಐ-ಯೂಸರ್-ಏಜೆಂಟ್’ ಅಂತ ಬೇರೆ ಹೆಡರ್ ಇಟ್ಟಿದ್ದಾರೆ, ಅದರಲ್ಲಿ ನಿಮ್ಮ ಸಾಲು ಹಾಕಿ. ಬೇರೆ ಸೇವೆಗಾದರೆ ಮಧ್ಯದಲ್ಲಿ ನಿಮ್ಮದೇ ಒಂದು ಚಿಕ್ಕ ಸರ್ವರ್ ಇಟ್ಟು, ಅದರಿಂದ ಕೇಳಿಸುವುದು ಒಳ್ಳೆಯದು. ಆಗ ಹೆಸರೂ ಹೋಗುತ್ತದೆ, ಒಂದು ಸಲ ತಂದದ್ದನ್ನು ಇಟ್ಟುಕೊಂಡು ಹಂಚಲೂ ಆಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಅಗರಬತ್ತಿ ಅಂಗಡಿ ಇದೆ, ಸೈಟೂ ಇದೆ. ಲಾಗ್ ನೋಡಿದರೆ ಮೊಬೈಲಿನಿಂದ ಬರುವವರಲ್ಲಿ ಮುಕ್ಕಾಲು ಜನ ‘ಆಂಡ್ರಾಯ್ಡ್ 10, ಕೆ’ ಅಂತಿದೆ. ಕೆ ಅನ್ನುವ ಫೋನ್ ಯಾವುದು? ಅಷ್ಟು ಜನ ಇಟ್ಟುಕೊಂಡಿದ್ದಾರಾ? ಜೊತೆಗೆ ಗೂಗಲ್‌ಬಾಟ್ ಅಂತ ದಿನಕ್ಕೆ ಸಾವಿರ ಸಲ ಯಾರೋ ಬರುತ್ತಿದ್ದಾರೆ. ಅದು ನಿಜವಾದ ಗೂಗಲ್ಲೇ ಅಂತ ಹೇಗೆ ತಿಳಿಯುವುದು?

ಉತ್ತರ: ಕೆ ಅನ್ನುವ ಫೋನ್ ಇಲ್ಲ. ಯೂಸರ್ ಏಜೆಂಟ್‌ನಲ್ಲಿ ಫೋನ್ ಮಾಡೆಲ್, ಆಂಡ್ರಾಯ್ಡ್ ವರ್ಶನ್ ಎಲ್ಲ ಸೇರಿಸಿದರೆ ಒಬ್ಬೊಬ್ಬರನ್ನೂ ಗುರುತು ಹಿಡಿದು ಹಿಂಬಾಲಿಸುವುದು ಸುಲಭವಾಗುತ್ತದೆ. ಅದನ್ನು ತಡೆಯಲು ಕ್ರೋಮ್ 2023ರಿಂದ ಎಲ್ಲ ಆಂಡ್ರಾಯ್ಡ್ ಫೋನ್‌ಗೂ ಒಂದೇ ಉತ್ತರ ಕೊಡುತ್ತಿದೆ: ಆಂಡ್ರಾಯ್ಡ್ 10, ಮಾಡೆಲ್ ಕೆ. ವಿಂಡೋಸ್ 11 ಇದ್ದರೂ ವಿಂಡೋಸ್ 10.0 ಅಂತಲೇ ಹೇಳುತ್ತದೆ. ನಿಮ್ಮ ಗಿರಾಕಿಗಳ ಫೋನ್ ಯಾವುದು ಅಂತ ಈ ಸಾಲಿನಿಂದ ಲೆಕ್ಕ ಹಾಕಬೇಡಿ, ಪುಟ ಚಿಕ್ಕ ಪರದೆಯಲ್ಲಿ ಚೆನ್ನಾಗಿ ಕಾಣುವ ಹಾಗೆ ನೋಡಿಕೊಳ್ಳಿ, ಸಾಕು.

ಗೂಗಲ್‌ಬಾಟ್ ವಿಷಯ ಬೇರೆ, ಅದರಲ್ಲಿ ಎಚ್ಚರ ಬೇಕು. ಮೇಲೆ ಮಂಡ್ಯದವರಿಗೆ ಹೇಳಿದೆನಲ್ಲ, ಯೂಸರ್ ಏಜೆಂಟ್ ಅಂದರೆ ಬಂದವರು ತಾವೇ ಹೇಳಿಕೊಂಡ ಹೆಸರು. ಗುರುತಿನ ಚೀಟಿ ಅಲ್ಲ. ಗೂಗಲ್ ಅಂದರೆ ಯಾರೂ ತಡೆಯುವುದಿಲ್ಲ ಅಂತ ಗೊತ್ತಿರುವವರು ಆ ಹೆಸರಿನಲ್ಲೇ ಬರುತ್ತಾರೆ. ಲಾಗ್‌ನಿಂದ ಅವರ ಐಪಿ ವಿಳಾಸ ತೆಗೆದುಕೊಂಡು, ಅದರ ಹೆಸರು ಹುಡುಕುವ ‘ಹೋಸ್ಟ್’ ಕಮಾಂಡಿಗೆ ಕೊಡಿ. ಬರುವ ಹೆಸರು ಗೂಗಲ್‌ಬಾಟ್ ಡಾಟ್ ಕಾಮ್ ಅಥವಾ ಗೂಗಲ್ ಡಾಟ್ ಕಾಮ್ ಅಂತ ಮುಗಿಯಬೇಕು. ಅಲ್ಲಿಗೇ ನಿಲ್ಲಿಸಬೇಡಿ, ಆ ಹೆಸರನ್ನೇ ಮತ್ತೆ ಹೋಸ್ಟ್‌ಗೆ ಕೊಟ್ಟು ಮೊದಲಿನ ಐಪಿ ವಾಪಸ್ ಬರುತ್ತದಾ ನೋಡಿ, ಯಾಕೆಂದರೆ ಮೊದಲ ಉತ್ತರವನ್ನು ಆ ಐಪಿ ಇಟ್ಟುಕೊಂಡವರು ತಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. ಎರಡೂ ಹೊಂದಿದರೆ ನಿಜವಾದ ಗೂಗಲ್, ಬಿಟ್ಟುಬಿಡಿ. ಹೊಂದದಿದ್ದರೆ ಆ ಐಪಿಯನ್ನು ಫೈರ್‌ವಾಲ್‌ನಲ್ಲಿ ಮುಚ್ಚಿ. ಮುಚ್ಚುವ ಮೊದಲು ಐಪಿಯ ಒಂದೊಂದು ಅಂಕಿಯನ್ನೂ ಇನ್ನೊಮ್ಮೆ ಓದಿ ನೋಡಿ, ನಿಜವಾದ ಗೂಗಲ್ ಅನ್ನೇ ಮುಚ್ಚಿಬಿಟ್ಟರೆ ಮೈಸೂರು ಅಗರಬತ್ತಿ ಅಂತ ಹುಡುಕುವವರಿಗೆ ನಿಮ್ಮ ಅಂಗಡಿ ಸಿಗುವುದು ಕಷ್ಟವಾಗುತ್ತದೆ.